ಸಾಲಿನಲ್ಲಿ ನಿಂತವರು, ಮೇಜಿಗೆ ಕುಳಿತವರು

2022ರ ಜೂನ್ ತಿಂಗಳಲ್ಲಿ ಅಮೆರಿಕದಲ್ಲಿ ಒಂದು ಮಧ್ಯಾಹ್ನದ ಊಟ ಹರಾಜಾಯಿತು. ಬೆಲೆ ಒಂದು ಕೋಟಿ ತೊಂಬತ್ತು ಲಕ್ಷದ ನೂರು ಡಾಲರ್. ಅಂದಿನ ಲೆಕ್ಕದಲ್ಲಿ ನಮ್ಮ ಸುಮಾರು 148 ಕೋಟಿ ರೂಪಾಯಿ. ಊಟ ನ್ಯೂಯಾರ್ಕಿನ ಹೆಸರುವಾಸಿ ಹೋಟೆಲೊಂದರಲ್ಲಿ, ಎದುರಿಗೆ ಕೂತು ಮಾತಾಡುವವರು ಷೇರು ಮಾರುಕಟ್ಟೆಯ ಮಹಾಗುರು ವಾರೆನ್ ಬಫೆಟ್. ಗೆದ್ದವರು ಯಾರೆಂದು ಪ್ರಕಟಿಸಲಿಲ್ಲ. ಹಣ ಹೋದದ್ದು ಸ್ಯಾನ್ ಫ್ರಾನ್ಸಿಸ್ಕೊ ನಗರದ ಗ್ಲೈಡ್ ಎಂಬ ಚರ್ಚಿನ ಹೆಸರಲ್ಲಿ ನಡೆಯುವ ಪ್ರತಿಷ್ಠಾನಕ್ಕೆ. ಬಡವರಿಗೆ ದಿನಕ್ಕೆ ಮೂರು ಹೊತ್ತು ಉಚಿತ ಊಟ ಹಾಕುವುದಕ್ಕೆ ಹೆಸರಾದ ಚರ್ಚು ಅದು.

2000ದಲ್ಲಿ ಆರಂಭವಾದ ಈ ಹರಾಜು 2022ರವರೆಗೆ 21 ಬಾರಿ ನಡೆದು ಐದು ಕೋಟಿ ಡಾಲರಿಗೂ ಹೆಚ್ಚು ಹಣ ತಂದುಕೊಟ್ಟಿತು. ಆ ವರ್ಷದ್ದು ಬಫೆಟರ ಕೊನೆಯ ಹರಾಜು ಎಂದು ಸಾರಿದ್ದರಿಂದಲೇ ಬೆಲೆ ಅಷ್ಟು ಏರಿತು. ಲೋಕದ ಪತ್ರಿಕೆಗಳೆಲ್ಲ ಸುದ್ದಿ ಮಾಡಿದವು. ಒಂದು ಊಟದ ಬೆಲೆಯಲ್ಲಿ ಎಷ್ಟು ಲಕ್ಷ ಊಟ ಹಾಕಬಹುದು ಎಂದು ಲೆಕ್ಕ ಹಾಕಿ ಸಂತೋಷಪಟ್ಟವರೂ ಇದ್ದರು. ನಾವು ಆ ಸಂತೋಷವನ್ನು ಕಸಿಯಲು ಬಂದವರಲ್ಲ. ಹಸಿದವನ ತಟ್ಟೆಗೆ ಬಿದ್ದ ಅನ್ನ ಎಲ್ಲಿಂದ ಬಂತೆಂದು ಕೇಳುವ ಹಕ್ಕು ಹೊಟ್ಟೆ ತುಂಬಿದವರಿಗೆ ಅಷ್ಟಾಗಿ ಇಲ್ಲ. ಆದರೂ ಈ ಚರ್ಚಿನ ಅರುವತ್ತು ವರ್ಷಗಳ ಕಥೆಯಲ್ಲಿ, ದಾನವೆಂಬುದು ಎಲ್ಲಿ ಮನುಷ್ಯರನ್ನು ಹತ್ತಿರ ತರುತ್ತದೆ, ಎಲ್ಲಿ ದೂರ ಇಡುತ್ತದೆ ಎಂಬುದು ಎದ್ದು ಕಾಣುತ್ತದೆ. ಯಾವ ಮತದವರೇ ಆಗಲಿ, ದಾನಧರ್ಮದ ಕೆಲಸಕ್ಕೆ ಕೈಹಾಕಿದವರು ಇದನ್ನೊಮ್ಮೆ ನೋಡಬೇಕು.

ಗ್ಲೈಡ್ ಇರುವುದು ಎಲ್ಲಿಸ್ ಮತ್ತು ಟೇಲರ್ ರಸ್ತೆಗಳು ಕೂಡುವ ಮೂಲೆಯಲ್ಲಿ. ಆ ಬಡಾವಣೆಯ ಹೆಸರು ಟೆಂಡರ್ಲಾಯ್ನ್. ಅಲ್ಲಿಂದ ಕೆಲವೇ ನಿಮಿಷ ನಡೆದರೆ ನಗರದ ಅತಿ ದುಬಾರಿ ಅಂಗಡಿಗಳ ಸಾಲು. ಇತ್ತ ಒಂದೊಂದೇ ಕೋಣೆಯ ಅಗ್ಗದ ಹೋಟೆಲುಗಳು, ಅವುಗಳಲ್ಲಿ ತಿಂಗಳ ಬಾಡಿಗೆಗೆ ಇರುವ ಮುದುಕರು, ಒಂಟಿ ಜೀವಗಳು, ವಲಸಿಗರು. ಯೆಮನಿನಿಂದ ಬಂದ ಮುಸ್ಲಿಂ ಕುಟುಂಬಗಳೂ ಇವೆ, ಜೋನ್ಸ್ ರಸ್ತೆಯಲ್ಲಿ ಮಸೀದಿಯೂ ಇದೆ. ಅದೂ ಸಿಗದವರು ಪಾದಚಾರಿ ದಾರಿಯ ಮೇಲೆ ಮಲಗುತ್ತಾರೆ.

ಲಿಜ್ಜಿ ಗ್ಲೈಡ್ ಎಂಬ ಶ್ರೀಮಂತ ವಿಧವೆ ತನ್ನ ಗಂಡನ ನೆನಪಿಗೆ 1929ರಲ್ಲಿ ಪ್ರತಿಷ್ಠಾನ ಮಾಡಿದರು, ಚರ್ಚಿನ ಕಟ್ಟಡ 1931ರಲ್ಲಿ ಎದ್ದು ನಿಂತಿತು. ಗಂಡ ದನಕರುಗಳ ದೊಡ್ಡ ವ್ಯಾಪಾರಿ. ಆಸ್ತಿಯನ್ನು ಧರ್ಮಕಾರ್ಯಕ್ಕೆ ಬಿಟ್ಟು, ಅದರ ಉತ್ಪತ್ತಿಯಿಂದ ಕೆಲಸ ನಡೆಯಲಿ ಎಂಬ ಏರ್ಪಾಡು. ನಮ್ಮ ಓದುಗರಿಗೆ ವಕ್ಫ್ ಎಂದರೆ ಬೇಗ ಅರ್ಥವಾದೀತು. ಈ ಏರ್ಪಾಡಿನಿಂದ ಮುಂದೆ ಒಂದು ದೊಡ್ಡ ಅನುಕೂಲವಾಯಿತು. ಅಲ್ಲಿನ ಪಾಸ್ಟರು ಭಾನುವಾರದ ಕಾಣಿಕೆ ತಟ್ಟೆಯನ್ನು ನಂಬಿ ಬದುಕಬೇಕಾಗಿರಲಿಲ್ಲ. ಸಭಿಕರು ಮುನಿಸಿಕೊಂಡು ಎದ್ದು ಹೋದರೂ ದೀಪ ಆರುವುದಿಲ್ಲ. ಇದೇ ಏರ್ಪಾಡು ತೊಂಬತ್ತು ವರ್ಷಗಳ ಮೇಲೆ ಕೋರ್ಟು ಕಚೇರಿಯನ್ನೂ ಕಾಣಿಸಿತು, ಅದನ್ನು ಆಮೇಲೆ ಹೇಳುತ್ತೇವೆ.

1963ರಲ್ಲಿ ಇಲ್ಲಿಗೆ ಪಾಸ್ಟರಾಗಿ ಬಂದವರು ಸೆಸಿಲ್ ವಿಲಿಯಮ್ಸ್. ಟೆಕ್ಸಾಸಿನ ಸ್ಯಾನ್ ಆಂಜೆಲೊ ಊರಿನ ಕಪ್ಪು ಮನೆತನದಲ್ಲಿ 1929ರಲ್ಲಿ ಹುಟ್ಟಿದವರು. ಅವರು ಬಂದಾಗ ಸಭೆಯಲ್ಲಿ ಉಳಿದಿದ್ದವರು ಬೆರಳೆಣಿಕೆಯ ಬಿಳಿಯರು, ಹೆಚ್ಚಿನವರು ವಯಸ್ಸಾದವರು. ಚರ್ಚಿನ ಬಾಗಿಲ ಹೊರಗೆ ಒಂದು ಲೋಕ, ಒಳಗೆ ಬೇರೆಯೇ ಲೋಕ. ವಿಲಿಯಮ್ಸ್ ಹೊರಗಿನವರನ್ನು ಒಳಗೆ ಕರೆದರು. ಹಿಪ್ಪಿಗಳು, ವೇಶ್ಯೆಯರು, ಮನೆಯಿಂದ ಓಡಿಬಂದ ಹುಡುಗರು, ಸಲಿಂಗಿಗಳು, ಜೈಲಿನಿಂದ ಬಿಟ್ಟು ಬಂದವರು, ಬ್ಲ್ಯಾಕ್ ಪ್ಯಾಂಥರ್ ಚಳವಳಿಯವರು. 1967ರಲ್ಲಿ ಗರ್ಭಗುಡಿಯಂಥ ಆ ಪೀಠದ ಮೇಲಿನ ಶಿಲುಬೆಯನ್ನೇ ಇಳಿಸಿಬಿಟ್ಟರು. ಅದು ಸಾವಿನ ಗುರುತು, ಇಲ್ಲಿ ಬದುಕಿರುವ ಜನರೇ ಶಿಲುಬೆಯಾಗಲಿ ಎಂಬುದು ಅವರ ವಾದದ ತಿರುಳು. ಹಳೆಯ ಸಭಿಕರಲ್ಲಿ ಹಲವರು ಎದ್ದು ಹೋದರು. ಪ್ರತಿಷ್ಠಾನದ ಹಣವಿತ್ತು, ಚರ್ಚು ಮುಚ್ಚಲಿಲ್ಲ.

ಇದನ್ನೆಲ್ಲ ನಮ್ಮ ಓದುಗರಲ್ಲಿ ಅನೇಕರು ಒಪ್ಪಲಿಕ್ಕಿಲ್ಲ. ಕ್ರೈಸ್ತ ಬಂಧುಗಳಲ್ಲೂ ಒಪ್ಪದವರು ಬಹಳ ಇದ್ದಾರೆ. ಶಿಲುಬೆ ಇಳಿಸಿದ್ದು ಸರಿಯೋ ತಪ್ಪೋ ಎಂಬುದನ್ನು ತೀರ್ಮಾನಿಸಬೇಕಾದವರು ಅವರೇ, ನಾವಲ್ಲ. ನಮ್ಮ ಗಮನ ಹೋದದ್ದು ಬೇರೆ ಕಡೆಗೆ. ಯಾರಿಗೆ ಅನ್ನ ಹಾಕಬೇಕೆಂದು ಚರ್ಚು ಯೋಚಿಸುತ್ತಿತ್ತೋ ಅವರೇ ಸಭೆಯಾದರು. ಬೆಂಚಿನ ಮೇಲೆ ಕೂತವರಿಗೂ ಊಟದ ಸಾಲಿನಲ್ಲಿ ನಿಂತವರಿಗೂ ನಡುವೆ ಗೋಡೆ ಉಳಿಯಲಿಲ್ಲ. ಅದು ಗ್ಲೈಡಿನ ನಿಜವಾದ ಸಾಧನೆ ಎಂದು ನಮಗೆ ಅನ್ನಿಸುತ್ತದೆ. ಅಡುಗೆಮನೆ ಬಂದದ್ದು ಅದರ ಬೆನ್ನಿಗೆ.

ಇದು ವಿಲಿಯಮ್ಸ್ ಹೊಸದಾಗಿ ಹುಟ್ಟುಹಾಕಿದ್ದೂ ಅಲ್ಲ. ಮೆಥಡಿಸ್ಟ್ ಪಂಥದ ಮೂಲದಲ್ಲೇ ಇದರ ಬೀಜವಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲಿನಲ್ಲಿ ಜಾನ್ ವೆಸ್ಲಿಯ ಅನುಯಾಯಿಗಳಿಗೆ ತಮ್ಮ ಕೂಟದ ಮನೆಯ ಸಾಲ ತೀರಿಸುವ ಚಿಂತೆ. ಪ್ರತಿಯೊಬ್ಬನೂ ವಾರಕ್ಕೊಂದು ಪೆನ್ನಿ ಕೊಡಲಿ ಎಂದು ಒಬ್ಬ ಸೂಚಿಸಿದ. ನಮ್ಮಲ್ಲಿ ಹೆಚ್ಚಿನವರು ಕಡುಬಡವರು, ಅದೂ ಆಗದು ಎಂದು ಇನ್ನೊಬ್ಬ ಹೇಳಿದ. ಹಾಗಿದ್ದರೆ ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ನನಗೆ ಒಪ್ಪಿಸಿ, ಅವರು ಕೊಟ್ಟರೆ ಸರಿ, ಆಗದಿದ್ದರೆ ಅವರ ಪಾಲನ್ನು ನಾನೇ ತುಂಬುತ್ತೇನೆ ಎಂದು ಮೊದಲಿನವನು ಒಪ್ಪಿಕೊಂಡ. ಹೀಗೆ ಹನ್ನೆರಡು ಹನ್ನೆರಡು ಜನರ ಗುಂಪುಗಳಾದವು. ಪೆನ್ನಿ ಕೇಳಲು ವಾರವಾರ ಮನೆಗೆ ಹೋದಾಗ ಯಾರ ಮನೆಯಲ್ಲಿ ಕಾಯಿಲೆ, ಯಾರ ಮನೆಯಲ್ಲಿ ಒಲೆ ಹೊತ್ತಿಲ್ಲ ಎಂಬುದು ತಾನಾಗಿ ತಿಳಿಯಿತು. ಮುಂದೆ ಆ ಗುಂಪುಗಳೇ ಮೆಥಡಿಸ್ಟರ ಬೆನ್ನೆಲುಬಾದವು. ಕೊಡುವವನೂ ಬಡವ, ಪಡೆಯುವವನೂ ಬಡವ. ಇಂದು ಕೊಟ್ಟವನು ನಾಳೆ ಪಡೆಯಬಹುದು, ಅದರಲ್ಲಿ ನಾಚಿಕೆಯ ಮಾತಿಲ್ಲ.

ಅಮೆರಿಕದ ಕಪ್ಪು ಜನರ ಚರ್ಚುಗಳು ಬೆಳೆದದ್ದೂ ಇದೇ ದಾರಿಯಲ್ಲಿ. 1787ರಲ್ಲಿ ಫಿಲಡೆಲ್ಫಿಯಾದಲ್ಲಿ ರಿಚರ್ಡ್ ಆಲನ್, ಅಬ್ಸಲಮ್ ಜೋನ್ಸ್ ಮೊದಲಾದವರು ಸೇರಿ ಫ್ರೀ ಆಫ್ರಿಕನ್ ಸೊಸೈಟಿ ಕಟ್ಟಿದರು. ಇಬ್ಬರೂ ಗುಲಾಮರಾಗಿದ್ದು ಬಿಡುಗಡೆ ಪಡೆದವರು. ಸದಸ್ಯರು ತಿಂಗಳಿಗೊಂದು ಶಿಲ್ಲಿಂಗ್ ಹಾಕಬೇಕು, ಕಾಯಿಲೆ ಬಿದ್ದವರಿಗೆ, ವಿಧವೆಯರಿಗೆ, ಅನಾಥ ಮಕ್ಕಳಿಗೆ ಅದರಿಂದ ನೆರವು. 1793ರಲ್ಲಿ ಅದೇ ಊರಿಗೆ ಹಳದಿ ಜ್ವರ ಬಂದು ಉಳ್ಳವರು ಊರು ಬಿಟ್ಟು ಓಡಿದಾಗ ಬಿಳಿಯರ ರೋಗಿಗಳ ಸೇವೆಗೂ ಹೆಣ ಹೊರುವುದಕ್ಕೂ ನಿಂತವರು ಈ ಜನ. ಆಲನ್ 1794ರಲ್ಲಿ ಬೆತೆಲ್ ಚರ್ಚು ತೆರೆದರು. ಬಿಳಿಯರ ಚರ್ಚಿನಲ್ಲಿ ಪ್ರಾರ್ಥನೆಗೆ ಮೊಣಕಾಲೂರಿದ್ದಾಗಲೇ ಎಬ್ಬಿಸಿಕೊಂಡವರು ಕಟ್ಟಿದ ಚರ್ಚಿಗೆ, ಬಡವ ಎಂದರೆ ತಾನೇ ಎಂಬುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಈ ಹಿನ್ನೆಲೆಯಲ್ಲಿ ಗ್ಲೈಡಿನ ಅಡುಗೆಮನೆಯನ್ನು ನೋಡಬೇಕು. ಅಲ್ಲಿ ಊಟ ಹಾಕುವ ಮೊದಲು ಯಾರ ಮತವನ್ನೂ ಕೇಳುವುದಿಲ್ಲ, ಪ್ರಾರ್ಥನೆಗೆ ಕೂತರೆ ಮಾತ್ರ ಸಾರು ಎಂಬ ಶರತ್ತಿಲ್ಲ. ಇದು ಸಣ್ಣ ಮಾತಲ್ಲ. ಧರ್ಮೋಪದೇಶ ಕೇಳಿಸಿಕೊಂಡ ಮೇಲೆಯೇ ಊಟ ಎಂಬ ಪದ್ಧತಿ ಪಶ್ಚಿಮದ ಎಷ್ಟೋ ಸೇವಾಸಂಸ್ಥೆಗಳಲ್ಲಿ ಬಹಳ ಕಾಲ ಇತ್ತು.

ಅನ್ನ ಕೊಡುವ ರೀತಿಯೂ ಮುಖ್ಯ ಎಂಬುದಕ್ಕೆ ಆ ಊರಿನದೇ ಒಂದು ಘಟನೆ ಇದೆ. 1974ರ ಫೆಬ್ರವರಿ 4ರಂದು ಪತ್ರಿಕೋದ್ಯಮಿ ಹರ್ಸ್ಟ್ ಮನೆತನದ ಹುಡುಗಿ ಪ್ಯಾಟ್ರೀಷಿಯಾಳನ್ನು ಒಂದು ಉಗ್ರ ಗುಂಪು ಅಪಹರಿಸಿತು. ಬಡವರಿಗೆಲ್ಲ ಆಹಾರ ಹಂಚಿ ಎಂಬುದು ಅವರ ಬೇಡಿಕೆ. ತಂದೆ ಇಪ್ಪತ್ತು ಲಕ್ಷ ಡಾಲರ್ ತೆಗೆದಿಟ್ಟರು. ಮಾತುಕತೆಯ ಮಧ್ಯವರ್ತಿಗಳಲ್ಲಿ ವಿಲಿಯಮ್ಸ್ ಕೂಡ ಒಬ್ಬರು. ಅದೇ ತಿಂಗಳ 22ರಂದು ಹಂಚಿಕೆ ಶುರುವಾದಾಗ ಓಕ್ಲೆಂಡಿನಲ್ಲಿ ಜನಸಾಗರ ಸೇರಿ, ಓಡುವ ಲಾರಿಗಳಿಂದ ಪೊಟ್ಟಣಗಳನ್ನು ಎಸೆಯಲಾಯಿತು, ನೂಕುನುಗ್ಗಲಾಗಿ ಹಲವರು ಗಾಯಗೊಂಡರು. ಬಂದೂಕಿನ ಮೊನೆಯಲ್ಲಿ ಹೊರಟ ದಾನ ಜನರ ತಲೆಯ ಮೇಲೆ ಬಿತ್ತು. ಅದೇ ಹೊತ್ತಿಗೆ ಎಲ್ಲಿಸ್ ರಸ್ತೆಯಲ್ಲಿ ತಟ್ಟೆ ಕೈಗೆ ಕೊಟ್ಟು ಕುರ್ಚಿ ತೋರಿಸುವ ಕೆಲಸ ನಡೆದಿತ್ತು. ಅನ್ನದ ತೂಕ ಒಂದೇ ಇರಬಹುದು, ಆದರೆ ಎಸೆದದ್ದನ್ನು ಹೆಕ್ಕಿದವನಿಗೆ ಅದು ಬೇರೆಯೇ ಅನ್ನ.

1980ರ ದಶಕದ ಕೊನೆಯಲ್ಲಿ ಕ್ರ್ಯಾಕ್ ಎಂಬ ಅಗ್ಗದ ಕೊಕೇನ್ ಬಂದು ಕಪ್ಪು ಜನರ ಕೇರಿಗಳನ್ನು ತಿಂದುಹಾಕಿತು. ಗ್ಲೈಡಿನ ಕೆಲಸದಲ್ಲಿ ನಮಗೆ ಅತ್ಯಂತ ಮೆಚ್ಚುಗೆಯಾದ ಕಾಲ ಇದೇ. ವ್ಯಸನಮುಕ್ತಿಯ ಹೆಸರಾಂತ ಕೂಟಗಳಲ್ಲಿ ಹೆಸರು ಮುಚ್ಚಿಟ್ಟು ಮಾತಾಡುವುದು ನಿಯಮ. ವಿಲಿಯಮ್ಸ್ ಅದನ್ನು ಒಪ್ಪಲಿಲ್ಲ. ನೂರಾರು ವರ್ಷ ಹೆಸರೇ ಇಲ್ಲದಂತೆ ಬದುಕಿದ ಜನ ಇಲ್ಲಿಯೂ ಯಾಕೆ ಅನಾಮಿಕರಾಗಬೇಕು? ಹೆಸರು ಹೇಳಿ, ಕಥೆ ಹೇಳಿ, ಎಲ್ಲರ ಎದುರು ಹೇಳಿ ಎಂಬುದು ಅವರ ದಾರಿ. 1992ರಲ್ಲಿ ಬಂದ ಅವರ ‘ನೋ ಹೈಡಿಂಗ್ ಪ್ಲೇಸ್’ ಪುಸ್ತಕದ ವಿಷಯವೇ ಇದು. ಭಾನುವಾರದ ವೇದಿಕೆ ಏರಿ ನಿನ್ನೆಯವರೆಗೆ ಬೀದಿಯಲ್ಲಿದ್ದ ಹೆಂಗಸು ಮಾತಾಡಿದರೆ, ಕೆಳಗೆ ಕೂತ ವಕೀಲರೂ ಅಧ್ಯಾಪಕರೂ ಕೇಳಬೇಕು. ಅವರ ಹೆಂಡತಿ ಜಾನಿಸ್ ಮಿರಿಕಿಟಾನಿ ಈ ಕೆಲಸದಲ್ಲಿ ಸಮಪಾಲುಗಾರ್ತಿ. ಜಪಾನಿ ಮೂಲದವರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕ ಸರಕಾರ ತನ್ನದೇ ಜಪಾನಿ ಪ್ರಜೆಗಳನ್ನು ಬೇಲಿಯೊಳಗೆ ಕೂಡಿಹಾಕಿದಾಗ ಎಳೆಗೂಸಾಗಿ ಶಿಬಿರದಲ್ಲಿ ಬೆಳೆದವರು, ಬಾಲ್ಯದಲ್ಲಿ ಮನೆಯೊಳಗೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರು, ಅದನ್ನು ಬಚ್ಚಿಡದೆ ಬರೆದ ಕವಿ. 2000ದಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರ ಅವರನ್ನು ತನ್ನ ಆಸ್ಥಾನಕವಿಯಾಗಿ ಆರಿಸಿತು. ನೊಂದ ಹೆಂಗಸರ ಕೂಟಗಳನ್ನು ನಡೆಸಿದವರು ಸ್ವತಃ ನೊಂದವರು. ಪೆನ್ನಿಯ ತತ್ವವೇ ಇಲ್ಲಿ ಬೇರೆ ರೂಪದಲ್ಲಿ ಬಂತು ಎನ್ನಬಹುದು.

ಆದರೆ ಗ್ಲೈಡನ್ನು ಹೊಗಳುವವರು ಸಾಮಾನ್ಯವಾಗಿ ಹೇಳದೆ ಬಿಡುವ ಒಂದು ಸಂಗತಿಯಿದೆ. 1977ರ ಜನವರಿಯಲ್ಲಿ ಇದೇ ಚರ್ಚಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಹೆಸರಿನ ಮಾನವೀಯ ಸೇವೆಯ ಪ್ರಶಸ್ತಿಯನ್ನು ಒಬ್ಬ ಪಾಸ್ಟರಿಗೆ ಕೊಡಲಾಯಿತು. ಆತ ಪೀಪಲ್ಸ್ ಟೆಂಪಲಿನ ಜಿಮ್ ಜೋನ್ಸ್. ಮರುವರ್ಷ ನವೆಂಬರ್ 18ರಂದು ಗಯಾನಾದ ಕಾಡಿನಲ್ಲಿ ಆತನ ಮಾತಿನಂತೆ ವಿಷ ಕುಡಿದು, ಕುಡಿಸಲ್ಪಟ್ಟು, ಒಂಬೈನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನೂರಾರು ಮಕ್ಕಳು. ಜೋನ್ಸನ ಪಂಥವೂ ಉಚಿತ ಊಟ ಹಾಕುತ್ತಿತ್ತು, ಮುದುಕರಿಗೆ ಆಶ್ರಯ ಕೊಡುತ್ತಿತ್ತು, ವ್ಯಸನಿಗಳನ್ನು ಬಿಡಿಸುತ್ತಿತ್ತು, ಕಪ್ಪು ಬಿಳಿ ಎನ್ನದೆ ಒಂದೇ ಬೆಂಚಿನಲ್ಲಿ ಕೂರಿಸುತ್ತಿತ್ತು. ನಗರದ ರಾಜಕಾರಣಿಗಳೂ ಪತ್ರಕರ್ತರೂ ಆತನನ್ನು ನಂಬಿದ್ದು ಇದನ್ನೆಲ್ಲ ನೋಡಿಯೇ. ಗ್ಲೈಡ್ ಒಂದೇ ಮೋಸಹೋಯಿತು ಎಂದು ಹೇಳುವುದು ಅನ್ಯಾಯ. ಆದರೆ ಸೇವೆಯೇ ಸರ್ಟಿಫಿಕೇಟು ಎಂದು ನಂಬಿದಾಗ ಏನಾಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅನ್ನ ಹಾಕುವ ಕೈಯನ್ನು ಪ್ರಶ್ನಿಸುವುದು ಹೇಗೆ ಎಂಬ ಸಂಕೋಚ ಎಲ್ಲ ಸಮುದಾಯಗಳಲ್ಲೂ ಇದೆ. ಅಲ್ಲಿ ಊಟ ಮಾಡಿದವರಿಗೆ, ಆಸ್ತಿಯನ್ನೆಲ್ಲ ಒಪ್ಪಿಸಿದವರಿಗೆ, ಲೆಕ್ಕ ಕೇಳುವ ಅವಕಾಶ ಇದ್ದಿದ್ದರೆ?

ಈಗ ಮತ್ತೆ ಹರಾಜಿಗೆ ಬರೋಣ. 2006ರಲ್ಲಿ ಬಂದ ‘ದ ಪರ್ಸ್ಯೂಟ್ ಆಫ್ ಹ್ಯಾಪಿನೆಸ್’ ಎಂಬ ವಿಲ್ ಸ್ಮಿತ್ ಚಿತ್ರವನ್ನು ಬಹಳ ಮಂದಿ ನೋಡಿರಬಹುದು. ಪುಟ್ಟ ಮಗನನ್ನು ಕಟ್ಟಿಕೊಂಡು ಮನೆಯಿಲ್ಲದೆ ಅಲೆಯುವ ಕ್ರಿಸ್ ಗಾರ್ಡ್ನರ್ ರಾತ್ರಿಯ ಆಸರೆಗಾಗಿ ಸಾಲಿನಲ್ಲಿ ನಿಲ್ಲುವ ಚರ್ಚು ಇದೇ ಗ್ಲೈಡ್. ಚಿತ್ರೀಕರಣವೂ ಅಲ್ಲೇ ನಡೆಯಿತು, ವಿಲಿಯಮ್ಸ್ ತಮ್ಮ ಪಾತ್ರವನ್ನು ತಾವೇ ಮಾಡಿದರು. ಕಥೆ ನಿಜ, ಗಾರ್ಡ್ನರ್ ಕಷ್ಟಪಟ್ಟದ್ದೂ ನಿಜ, ಆತ ಷೇರು ದಲ್ಲಾಳಿಯಾಗಿ ಗೆದ್ದದ್ದೂ ನಿಜ. ಚಿತ್ರ ಮುಗಿದಾಗ ಕಣ್ಣು ಒದ್ದೆಯಾಗುತ್ತದೆ. ನಮ್ಮದೂ ಆಗಿತ್ತು. ಆದರೆ ಆ ಸಂಜೆ ಅವನ ಹಿಂದೆ ಸಾಲಿನಲ್ಲಿ ನಿಂತಿದ್ದವರು ಏನಾದರು ಎಂದು ಚಿತ್ರ ಕೇಳುವುದಿಲ್ಲ. ಸಾಲಿನಿಂದ ಹೊರಬರುವ ದಾರಿ ಷೇರು ಪೇಟೆಯ ಕಡೆಗೆ ಎಂದು ಅದು ತೋರಿಸುತ್ತದೆ. ಅತ್ತ ಷೇರು ಪೇಟೆಯ ದೊರೆ ತನ್ನ ಊಟವನ್ನು ಹರಾಜಿಗಿಟ್ಟು ಆ ಸಾಲಿಗೆ ಅನ್ನ ಕಳಿಸುತ್ತಾನೆ. ಅವನ ಪೇಟೆಗೂ ಈ ಸಾಲಿಗೂ ಏನಾದರೂ ಸಂಬಂಧ ಇದೆಯೇ ಎಂಬ ಪ್ರಶ್ನೆ ಎಲ್ಲೂ ಏಳುವುದಿಲ್ಲ.

ಬಫೆಟರ ಪ್ರಾಮಾಣಿಕತೆಯ ಬಗ್ಗೆ ನಮಗೆ ಅನುಮಾನವಿಲ್ಲ. ಗ್ಲೈಡನ್ನು ಅವರಿಗೆ ಪರಿಚಯಿಸಿದವರು ಅವರ ಹೆಂಡತಿ ಸೂಸನ್, ಅಲ್ಲಿ ಸ್ವಯಂಸೇವಕಿಯಾಗಿ ದುಡಿದವರು. 2004ರಲ್ಲಿ ಆಕೆ ತೀರಿಕೊಂಡ ನಂತರವೂ ಬಫೆಟ್ ವರ್ಷವರ್ಷ ನಡೆಸಿಕೊಂಡು ಬಂದರು. ಆದರೆ ಹರಾಜು ಎಂಬ ವ್ಯವಸ್ಥೆಗೆ ತನ್ನದೇ ಸ್ವಭಾವವಿದೆ. 2010 ಮತ್ತು 2011ರಲ್ಲಿ ಸತತ ಎರಡು ಬಾರಿ, ಒಟ್ಟು ಐವತ್ತೆರಡು ಲಕ್ಷ ಡಾಲರಿಗೂ ಹೆಚ್ಚು ಕೊಟ್ಟು ಗೆದ್ದವರು ಟೆಡ್ ವೆಶ್ಲರ್ ಎಂಬ ಹೂಡಿಕೆದಾರ. 2011ರಲ್ಲೇ ಬಫೆಟ್ ಅವರನ್ನು ತಮ್ಮ ಕಂಪೆನಿಯ ಹಣ ನೋಡಿಕೊಳ್ಳಲು ಸೇರಿಸಿಕೊಂಡರು. 2019ರಲ್ಲಿ ನಲವತ್ತೈದು ಲಕ್ಷಕ್ಕೂ ಹೆಚ್ಚು ಕೊಟ್ಟವನು ಕ್ರಿಪ್ಟೊ ಹಣದ ವ್ಯಾಪಾರಿ. ಮಾತಿನ ನಡುವೆ ಬಫೆಟರು ಮುಂದೆ ಯಾವ ಷೇರು ಕೊಳ್ಳುತ್ತಾರೆಂದು ಮಾತ್ರ ಕೇಳುವಂತಿಲ್ಲ, ಮತ್ತೇನನ್ನೂ ಕೇಳಬಹುದು ಎಂಬುದು ಒಪ್ಪಂದ. ಕೊಟ್ಟವನಿಗೆ ಇಲ್ಲಿ ಕೈತುಂಬ ವಾಪಸು ಬರುತ್ತದೆ. ಇದನ್ನು ವ್ಯಾಪಾರವೆಂದರೆ ಯಾರೂ ತಪ್ಪು ತಿಳಿಯಬೇಕಿಲ್ಲ, ವ್ಯಾಪಾರ ಪಾಪವಲ್ಲ. ದಾನವೆಂದು ಕರೆದಾಗ ಮಾತ್ರ ಯೋಚನೆಯಾಗುತ್ತದೆ. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯದಿರಲಿ ಎಂಬ ಬುದ್ಧಿಮಾತು ಸುವಾರ್ತೆಯಲ್ಲೂ ಇದೆ, ಹದೀಸಿನಲ್ಲೂ ಇದೆ. 2022ರಲ್ಲಿ ಕೊಟ್ಟವರ ಹೆಸರು ಗುಟ್ಟಾಗಿ ಉಳಿಯಿತು, ಬೆಲೆಪಟ್ಟಿ ಮಾತ್ರ ಜಗಜ್ಜಾಹೀರಾಯಿತು. ಹಾಗೆಂದು ನಾವು ಬೀಗುವಂತಿಲ್ಲ. ರಮಝಾನ್ ಕಿಟ್ ಕೈಗಿಡುವ ಮೊದಲು ಮೊಬೈಲ್ ಕ್ಯಾಮರಾದ ಕಡೆಗೆ ತಿರುಗು ಎಂದು ವಿಧವೆಯೊಬ್ಬಳಿಗೆ ಹೇಳುವವರನ್ನು ನಾವೂ ಕಂಡಿದ್ದೇವೆ.

ಹರಾಜು ಗೆದ್ದವರು ಊಟಕ್ಕೆ ಏಳು ಮಂದಿ ಸಂಗಡಿಗರನ್ನು ಕರೆತರಬಹುದಿತ್ತು. ಎಲ್ಲಿಸ್ ರಸ್ತೆಯ ಸಾಲಿನಲ್ಲಿ ನಿಂತವರ ಪೈಕಿ ಒಬ್ಬರಿಗೆ ಒಂದು ಕುರ್ಚಿ ಮೀಸಲು ಎಂಬ ಶರತ್ತು ಆ ಒಪ್ಪಂದದಲ್ಲಿ ಇರಲಿಲ್ಲ. ಭಾನುವಾರ ಅದೇ ಮನುಷ್ಯನನ್ನು ವೇದಿಕೆ ಹತ್ತಿಸಿ ಮಾತಾಡಿಸಿದ ಚರ್ಚಿಗೆ ಈ ಮೇಜಿನ ವಿಷಯದಲ್ಲಿ ಹೊಳೆಯಲಿಲ್ಲವೇ?

ಅಷ್ಟಾದರೂ ಸಾಲು ಯಾಕೆ ಕರಗಲಿಲ್ಲ? 2019ರ ಗಣತಿಯಲ್ಲಿ ನಗರದಲ್ಲಿ ಮನೆಯಿಲ್ಲದವರು 8,035 ಮಂದಿ. 2024ರಲ್ಲಿ 8,323. ಮಾದಕ ದ್ರವ್ಯ ಮಿತಿಮೀರಿ 2023ರ ಒಂದೇ ವರ್ಷದಲ್ಲಿ ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಇದು ಗ್ಲೈಡಿನ ಸೋಲಲ್ಲ. 1960 ಮತ್ತು 70ರ ದಶಕಗಳಲ್ಲಿ ನಗರ ಪುನರಭಿವೃದ್ಧಿಯ ಹೆಸರಿನಲ್ಲಿ ಕಪ್ಪು ಜನರ, ಜಪಾನಿಯರ ಕೇರಿಗಳನ್ನೂ ಅಗ್ಗದ ಕೋಣೆಗಳ ಹೋಟೆಲುಗಳನ್ನೂ ಸಾಲುಸಾಲಾಗಿ ಕೆಡವಲಾಯಿತು. ಸರಕಾರಿ ಮಾನಸಿಕ ಆಸ್ಪತ್ರೆಗಳ ರೋಗಿಗಳನ್ನು ಹೊರಗೆ ಕಳಿಸಿದರು, ಅವರಿಗಾಗಿ ಊರುಗಳಲ್ಲಿ ಆಗಬೇಕಿದ್ದ ಏರ್ಪಾಡು ಆಗಲಿಲ್ಲ. 1980ರ ದಶಕದಲ್ಲಿ ರೇಗನ್ ಸರಕಾರ ಬಡವರ ವಸತಿಯ ಹಣಕ್ಕೆ ಕತ್ತರಿ ಹಾಕಿತು. ಕಂಪ್ಯೂಟರ್ ಕಂಪೆನಿಗಳ ಸಂಪತ್ತು ಬಂದ ಮೇಲೆ ಬಾಡಿಗೆ ಆಕಾಶಕ್ಕೇರಿತು. ಒಂದು ಚರ್ಚಿನ ಸಾರಿನ ಪಾತ್ರೆ ಇದಕ್ಕೆಲ್ಲ ಉತ್ತರವಾಗಲು ಸಾಧ್ಯವಿಲ್ಲ.

2018ರ ನವೆಂಬರಿನಲ್ಲಿ ಆ ನಗರದ ಮತದಾರರು ಒಂದು ಕೆಲಸ ಮಾಡಿದರು. ವರ್ಷಕ್ಕೆ ಐದು ಕೋಟಿ ಡಾಲರಿಗಿಂತ ಹೆಚ್ಚು ವಹಿವಾಟಿರುವ ಕಂಪೆನಿಗಳ ಮೇಲೆ ತೆರಿಗೆ ಹಾಕಿ, ಆ ಹಣವನ್ನು ಮನೆಯಿಲ್ಲದವರಿಗಾಗಿ ಬಳಸಬೇಕೆಂಬ ಪ್ರಸ್ತಾಪಕ್ಕೆ ಶೇಕಡಾ 61ರಷ್ಟು ಮತ ಬಿತ್ತು. ನಗರದ ಮೇಯರರೇ ವಿರೋಧಿಸಿದ್ದರು, ಕೆಲವು ಶ್ರೀಮಂತರೂ ವಿರೋಧಿಸಿದರು, ಬೆಂಬಲಿಸಿದ ಶ್ರೀಮಂತರೂ ಇದ್ದರು. ಕೋರ್ಟಿನ ತಕರಾರು ತೀರಿ ಹಣ ಕೈಗೆ ಬರಲು 2020 ಆಯಿತು. ಅಂದಾಜು ವರ್ಷಕ್ಕೆ ಇಪ್ಪತ್ತೈದರಿಂದ ಮೂವತ್ತು ಕೋಟಿ ಡಾಲರ್. ಅಂದರೆ 21 ಹರಾಜುಗಳಲ್ಲಿ ಬಂದದ್ದರ ಸುಮಾರು ಐದು ಪಟ್ಟು ಹಣವನ್ನು ಒಂದೇ ವರ್ಷದಲ್ಲಿ ತರಬಲ್ಲ ತೆರಿಗೆ. ಇಲ್ಲಿ ಯಾರ ಊಟವೂ ಹರಾಜಾಗಬೇಕಿಲ್ಲ, ಯಾರಿಗೂ ಕೃತಜ್ಞತೆ ಹೇಳಬೇಕಿಲ್ಲ. ಉಳ್ಳವರ ಸಂಪತ್ತಿನಲ್ಲಿ ಇಲ್ಲದವರಿಗೆ ಗೊತ್ತುಪಡಿಸಿದ ಹಕ್ಕಿದೆ ಎಂಬುದು ಝಕಾತಿನ ಹಿಂದಿರುವ ತಿಳುವಳಿಕೆ. ಝಕಾತ್ ಕೊಟ್ಟವನು ಸಾಲ ತೀರಿಸಿದವನಂತೆ, ಉಪಕಾರ ಮಾಡಿದವನಂತಲ್ಲ. ಈ ತೆರಿಗೆಯ ಮನೋಧರ್ಮ ಅದಕ್ಕೆ ಹತ್ತಿರದ್ದು.

ಆದರೆ ತೆರಿಗೆಯ ಪರ ವಾದಿಸುವಾಗ ನಾವು ಒಂದನ್ನು ಮುಚ್ಚಿಡಬಾರದು. 8,323 ಎಂಬ ಗಣತಿ ಆ ತೆರಿಗೆ ಬಂದ ನಂತರದ್ದು. ಹಣ ಬಂದಷ್ಟಕ್ಕೆ ಮನುಷ್ಯ ಬೀದಿಯಿಂದ ಏಳುವುದಿಲ್ಲ. ಕಚೇರಿಯ ಕಿಟಕಿ ಟೋಕನ್ ಕೊಡುತ್ತದೆ, ಹೆಸರು ಹಿಡಿದು ಕರೆಯುವುದಿಲ್ಲ. ಆ ಕೆಲಸ ಗ್ಲೈಡಿನಂಥ ಸಭೆಗೇ ಗೊತ್ತಿದ್ದದ್ದು.

ಅಂಥ ಸಭೆಯ ಮೇಲೆ 2018ರಲ್ಲೇ ಅದರ ಮೇಲಧಿಕಾರಿಗಳು ಮುನಿದರು. ಯುನೈಟೆಡ್ ಮೆಥಡಿಸ್ಟ್ ಬಿಷಪ್ ಮಿನರ್ವಾ ಕಾರ್ಕಾನ್ಯೊ ಅಲ್ಲಿನ ಪಾಸ್ಟರುಗಳನ್ನು ಬೇರೆಡೆಗೆ ವರ್ಗಾಯಿಸಿದರು. ಅವರ ದೂರುಗಳು ಮುಖ್ಯವಾಗಿ ಎರಡು. ಮೊದಲನೆಯದು, ಭಾನುವಾರದ ಸಡಗರದಲ್ಲಿ ದೀಕ್ಷಾಸ್ನಾನವಿಲ್ಲ, ಕರ್ತನ ಭೋಜನವಿಲ್ಲ, ಬರುವವರಲ್ಲಿ ಅನೇಕರು ಕ್ರೈಸ್ತರೇ ಅಲ್ಲ. ಎರಡನೆಯದು, ಹಣಕಾಸಿನ ಲೆಕ್ಕ ಪಾರದರ್ಶಕವಾಗಿಲ್ಲ. ಡಿಸೆಂಬರಿನಲ್ಲಿ ಪ್ರಕರಣ ಕೋರ್ಟಿಗೆ ಹೋಯಿತು. 1929ರಲ್ಲಿ ಲಿಜ್ಜಿ ಗ್ಲೈಡ್ ಕೊಟ್ಟದ್ದು ಮೆಥಡಿಸ್ಟ್ ಚರ್ಚಿಗೋ ಪ್ರತಿಷ್ಠಾನಕ್ಕೋ ಎಂಬುದು ತಕರಾರು. ವಕ್ಫ್ ಆಸ್ತಿಯ ಕಟ್ಲೆಗಳನ್ನು ಕಂಡವರಿಗೆ ಇದರ ಧಾಟಿ ಅಪರಿಚಿತವಲ್ಲ. ಕೊಟ್ಟವರು ಮಣ್ಣಾದ ಮೇಲೆ ಅವರ ಮನಸ್ಸಿನಲ್ಲಿ ಏನಿತ್ತೆಂದು ವಕೀಲರು ವಾದಿಸುತ್ತಾರೆ.

ಲೆಕ್ಕ ಕೇಳಿದ್ದು ತಪ್ಪು ಎಂದು ನಾವು ಹೇಳಲಾರೆವು. ಜೋನ್ಸನ ಕಥೆ ಬರೆದ ಕೈಯಿಂದಲೇ ಹಾಗೆ ಬರೆಯಲಾಗದು. ಆದರೆ ಲೆಕ್ಕವನ್ನು ಯಾರು ಯಾರಿಗೆ ಒಪ್ಪಿಸಬೇಕು ಎಂಬಲ್ಲಿ ಬಿಷಪರ ದೃಷ್ಟಿ ಮೇಲಕ್ಕೆ ಮಾತ್ರ ಹೋಯಿತು. ಪ್ರತಿಷ್ಠಾನದ ದೃಷ್ಟಿಯೋ ದಾನಿಗಳ ಕಡೆಗೆ. ಸಾಲಿನಲ್ಲಿ ನಿಂತವರಿಗೂ ಲೆಕ್ಕ ಹೇಳಬೇಕೆಂದು ಎರಡೂ ಪಕ್ಷಗಳು ವಾದಿಸಿದ್ದು ಕಾಣಲಿಲ್ಲ. ಇನ್ನು ಮೊದಲನೆಯ ದೂರು. ದಿನಕ್ಕೆ ಮೂರು ಹೊತ್ತು ಭೋಜನ ನಡೆಯುವ ಜಾಗದ ಮೇಲೆ, ಇಲ್ಲಿ ಕರ್ತನ ಭೋಜನ ನಡೆಯುತ್ತಿಲ್ಲ ಎಂಬ ಆರೋಪ ಬಂತು. ಹೊರಗಿನವರಾದ ನಮಗೆ ಆ ಸಂಸ್ಕಾರದ ಆಳ ತಿಳಿಯದಿರಬಹುದು, ಅದನ್ನು ಹಗುರ ಮಾಡುವ ಉದ್ದೇಶವೂ ನಮಗಿಲ್ಲ. ಆದರೂ ಆ ಪವಿತ್ರ ಭೋಜನ ಮೊದಲು ನಡೆದದ್ದು ಒಂದು ಮೇಜಿನ ಸುತ್ತ ಎಂಬುದು ನಮಗೂ ಗೊತ್ತು.

2020ರಲ್ಲಿ ರಾಜಿಯಾಯಿತು. ಗ್ಲೈಡ್ ಮೆಥಡಿಸ್ಟ್ ಸಂಘಟನೆಯಿಂದ ಹೊರಬಂದು ಸ್ವತಂತ್ರವಾಯಿತು. 2021ರಲ್ಲಿ ಮಿರಿಕಿಟಾನಿ ತೀರಿಕೊಂಡರು. 2023ರಲ್ಲಿ ವಿಲಿಯಮ್ಸ್ ಮುಖ್ಯಸ್ಥನ ಹುದ್ದೆ ಬಿಟ್ಟರು, 2024ರ ಏಪ್ರಿಲ್ 22ರಂದು, 94ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಶ್ರದ್ಧಾಂಜಲಿಯ ಬರಹಗಳಲ್ಲಿ ಎಷ್ಟು ಲಕ್ಷ ಊಟ, ಎಷ್ಟು ಕೋಟಿ ಡಾಲರು, ಯಾವ ಯಾವ ಅಧ್ಯಕ್ಷರೂ ನಟರೂ ಬಂದು ಆ ಬೆಂಚಿನಲ್ಲಿ ಕೂತರು ಎಂಬುದೆಲ್ಲ ಬಂತು. 1960ರ ದಶಕದಲ್ಲಿ ಮೊದಲ ಬಾರಿಗೆ ಬಾಗಿಲು ದಾಟಿ ಒಳಗೆ ಬಂದು, ಯಾವ ಬೆಂಚಿನಲ್ಲಿ ಕೂರಲಿ ಎಂದು ತಿಳಿಯದೆ ಗೋಡೆಗೊರಗಿ ನಿಂತಿರಬಹುದಾದ ಹುಡುಗರ ಹೆಸರುಗಳನ್ನು ನಾವು ಅಲ್ಲಿ ಹುಡುಕಿದೆವು.